ಬಾಣಂತಿ ಕೋಣೆಯ ಕೌದಿ

ಕೆಂಡದಂತೆ ಸುಡುವ ನಮ್ಮ ಮುದ್ದೇಬಿಹಾಳದಲ್ಲಿ ಒಬ್ಬಳಿಗೆ ಬಿಸಿಲಿನ ಕೊರತೆಯಾಯಿತೆಂದರೆ ಯಾರಾದರೂ ನಂಬುತ್ತಾರೆಯೇ? ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕೊರೊನಾದ ಎರಡನೆಯ ಅಲೆಯ ಹೊತ್ತಿಗೆ ಅಕ್ಕ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಬಸಿರಿದ್ದಾಗಲೇ ಸೋಂಕಿನ ಹೆದರಿಕೆಗೆ ಹೊಸ್ತಿಲು ದಾಟಿರಲಿಲ್ಲ. ಹೆತ್ತ ಮೇಲಂತೂ, ಬಾಣಂತಿಗೆ ಗಾಳಿ ತಾಗಬಾರದೆಂದು ಅವ್ವ ಕೋಣೆಗಿದ್ದ ಒಂದೇ ಕಿಟಕಿಗೆ ಹಳೆಯ ಕೌದಿ ತುರುಕಿಬಿಟ್ಟಳು. ಮಲಗುವ ಹೊರಸಿನ ಕೆಳಗೆ ಕೆಂಡ, ಅಜವಾನದ ಹೊಗೆ, ತಲೆಗೆ ಬಿಗಿದ ಬಟ್ಟೆ. ಅಕ್ಕನಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ.

ಆಗಲೇ ಅಪ್ಪ, ಕೊರೊನಾಕ್ಕೆ ಒಳ್ಳೆಯದಂತೆ ಎಂದು, ಔಷಧಿ ಅಂಗಡಿಯಿಂದ ವಿಟಮಿನ್ ಡಿ ಗುಳಿಗೆ ತಂದ. ತಿಂದವರು ಯಾರು ಹೇಳಿ? ದಿನವಿಡೀ ಹೊಲದಲ್ಲಿ ಬೆನ್ನು ಸುಡಿಸಿಕೊಳ್ಳುವ ಅಪ್ಪ ಮತ್ತು ಅಣ್ಣ! ಅಕ್ಕನಿಗೂ ಕೊಡು ಎಂದರೆ ಅವ್ವ ನನ್ನ ಮೇಲೇ ಹರಿಹಾಯ್ದಳು.

"ಬಾಣಂತಿ ಮೈಗೆ ಉಷ್ಣ ಆಗಿ ಹಾಲ ಕೆಡ್ತಾವು. ನಿನಗೇನ್ ತಿಳೀತೈತಿ, ಸುಮ್ಮ ಕುಂದ್ರು."

ಅಪ್ಪ ಗುಳಿಗೆ ನುಂಗಿ ನೀರು ಕುಡಿದ.

ಜ್ವರ ಮನೆಮಂದಿಗೆಲ್ಲ ಬಂತು. ನಾವೆಲ್ಲ ಕೆಮ್ಮಿ ಕೆಮ್ಮಿ ಎದ್ದು ಕುಳಿತೆವು. ಅಕ್ಕ ಮಾತ್ರ ಉಸಿರಿಗೆ ಒದ್ದಾಡತೊಡಗಿದಳು. ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ, ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಅಪ್ಪನನ್ನು ಕರೆದರು.

"ಯಜಮಾನ್ರ, ಈಕಿನ್ನ ಬಿಸಲ ಕಾಣದಂಗ ಎಲ್ಲಿ ಇಟ್ಟಿದ್ರಿ? ವಿಟಮಿನ್ ಡಿ ಇಲ್ಲೇ ಇಲ್ಲ ಅನ್ನೂವಷ್ಟು ಕಡಿಮಿ ಐತಿ. ಅದರಿಂದನ ಜಡ್ಡು ಇಷ್ಟ ಏರೇತಿ ಅಂತ ಆಣಿ ಮಾಡಿ ಹೇಳಾಕ ಬರೂದಿಲ್ಲ. ಆದ್ರ ಇಂಥವರಿಗೆ ಜೋರ ಆಗೂದನ್ನ ನಾವು ನೋಡಾಕತ್ತೇವಿ."

ಅಪ್ಪನ ಜೇಬಿನಲ್ಲಿದ್ದ ಗುಳಿಗೆಯ ಪಾಕೀಟು ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು ನನಗೆ.

ಅಕ್ಕ ಬದುಕಿ ಬಂದಳು. ಬಂದು ನೋಡಿದರೆ, ಕಿಟಕಿಯಲ್ಲಿ ಇನ್ನೂ ಅದೇ ಕೌದಿ! ಒಳಗೆ ಕತ್ತಲಲ್ಲಿ, ಹೊಗೆಯಲ್ಲಿ ಅವಳ ಕೂಸು. ಗೋಡೆ ಹಿಡಿದು ತೇಕುತ್ತ ಹೋದವಳೇ ಎರಡೂ ಕೈಯಿಂದ ಕೌದಿ ಜಗ್ಗಿ ನೆಲಕ್ಕೆಸೆದಳು.

"ಅಯ್ಯ, ಕೂಸಿಗೆ ಬಿಸಲ ಬಡೀತೈತಿ!" ಅವ್ವ ಚೀರಿದಳು.

"ಬಡೀಲಿ," ಎಂದಳು ಅಕ್ಕ, ಉಸಿರು ಸಾಲದೆ ನಿಂತು ನಿಂತು. "ಮತ್ತ ತುರುಕಿದ್ರ... ಕೂಸಿನ್ನ ಎತ್ತಿಕೊಂಡು ಬೀದ್ಯಾಗ ಹೋಗಿ ಕುಂದ್ರತೇನಿ, ಯವ್ವಾ."

ಮುಖಕ್ಕೆ ಬೆಳಕು ಬಿದ್ದದ್ದೇ ಕೂಸು ಕಣ್ಣು ಕಿವುಚಿ ಅಳತೊಡಗಿತು. ಹುಟ್ಟಿದಾಗಿನಿಂದ ಅದು ತನ್ನೂರಿನ ಬಿಸಿಲನ್ನೇ ಕಂಡಿರಲಿಲ್ಲ.