ಮೈಗಳ್ಳ ಸ್ಟಾರೂ ನಮ್ಮತ್ತೆಯ ಮಂಡಿಯೂ

ಅಮೆರಿಕದ ಆ ಬ್ಯಾಸ್ಕೆಟ್‌ಬಾಲ್ ಸ್ಟಾರ್ ಇವತ್ತೂ ಆಡಲ್ವಂತೆ. ಗಾಯ ಏನಿಲ್ಲ, ಮಂಡಿಗೆ ವಿಶ್ರಾಂತಿಯಂತೆ! ಥೂ, ಮೈಗಳ್ಳ. ಸುದ್ದಿ ಓದ್ತಿದ್ದಾಗ ಪಕ್ಕದಲ್ಲಿ ಸೋದರತ್ತೆ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದರು. ಆ ವಾಸನೆಗೆ ಯಶವಂತಪುರದ ಮಣ್ಣಿನ ಕೋರ್ಟ್ ಕಣ್ಮುಂದೆ ಬಂತು.

ಆಗ ಅತ್ತೆ ಫ್ಯಾಕ್ಟರಿ ಬ್ಯಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್. ಶಿಫ್ಟ್ ಮುಗಿಸಿ ಬಂದು, ಊದಿದ ಮಂಡಿಗೆ ಇದೇ ಎಣ್ಣೆ ತಿಕ್ಕಿ, ಹಳೇ ಸೀರೆ ಹರಿದು ಸುತ್ತಿ, ಪೂರ್ತಿ ಮ್ಯಾಚ್ ಆಡೋರು. ಕೋಚ್ ಕುರ್ಚಿಯಲ್ಲಿ ಕೂತು ಟೀ ಹೀರುತ್ತಾ, "ನೋವೆಲ್ಲ ಮನಸ್ಸಿನದು, ಓಡಮ್ಮ!" ಅನ್ನೋರು. ನಾನು ಕಾಂಪೌಂಡ್ ಮೇಲೆ ಕೂತು ಚಪ್ಪಾಳೆ ತಟ್ತಿದ್ದೆ.

"ನೋಡತ್ತೆ, ಇವನೂ ಒಬ್ಬ ಆಟಗಾರ!" ಅಂತ ಫೋನ್ ತೋರಿಸಿದೆ.

ಅತ್ತೆ ಕನ್ನಡಕ ಹಾಕ್ಕೊಂಡು ನಿಧಾನವಾಗಿ ಓದಿದರು.

"ಪುಣ್ಯವಂತ ಕಣೋ. ನನಗೂ ಯಾರಾದ್ರೂ ಒಂದಿನ 'ಕೂತ್ಕೋ' ಅಂದಿದ್ರೆ, ಇವತ್ತು ಮೆಟ್ಟಿಲು ಹತ್ತುತ್ತಿದ್ದೆ."