ಬಾಳಿಕೆ ಬರುವ ಎಲೆ

ಹಾರವಾಡದ ರಾಮಾ ಹರಿಕಂತ್ರ ಒಂದು ನೂಲನ್ನು ಕೈಯಲ್ಲಿ ಹಿಡಿದು "ಬಾಳ್ತದೆ" ಅಂದರೆ ಅದು ಬಾಳಿಯೇ ಬಾಳುತ್ತಿತ್ತು. "ಬಾಳೂದಿಲ್ಲ" ಅಂದನೋ, ಆ ನೂಲನ್ನು ಪುಕ್ಕಟೆ ಕೊಟ್ಟರೂ ಆ ದಂಡೆಯಲ್ಲಿ ಮುಟ್ಟುವವರಿರಲಿಲ್ಲ. ಬಲೆ ಕಟ್ಟುವುದು, ಹರಿದದ್ದನ್ನು ಹೆಣೆಯುವುದು ಅವನ ಕಸುಬು, ಅವನಪ್ಪನದೂ ಅದೇ. ಅಪ್ಪ ಆಸ್ತಿ ಅಂತ ಬಿಟ್ಟುಹೋದದ್ದು ಒಂದೇ ಮಾತು: ನೂಲಿನ ವಿಷಯದಲ್ಲಿ ಸುಳ್ಳು ಹೇಳಬೇಡ, ಅದನ್ನು ನಂಬಿ ಯಾರದ್ದೋ ಮನೆಯ ಗಂಡಸು ನೀರಿಗಿಳಿದಿರುತ್ತಾನೆ. ನಾರಳಿ ಹುಣ್ಣಿಮೆಯಂದು ಸಮುದ್ರಕ್ಕೆ ಕಾಯಿ ಬಿಟ್ಟಾದ ಮೇಲೆ ರಾಮಾ ಒಂದೊಂದು ದೋಣಿಯ ಬಲೆಯನ್ನೂ ಮುಟ್ಟಿ, ನೀರಿನ ಕಡೆ ಮುಖ ಮಾಡಿ, ಆ ಒಂದು ಮಾತು ಹೇಳಬೇಕು. ಹೇಳುವ ತನಕ ದೋಣಿ ದಂಡೆ ಬಿಡುತ್ತಿರಲಿಲ್ಲ. ದೊಡ್ಡ ಗುಣವೇ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಮಾತು ನುಂಗಬೇಕು ಅಂತ ತಿಳಿಯದವನ ಗುಣ ಕಟ್ಟಿಕೊಂಡು ಹೆಂಡತಿ ಏನು ಮಾಡಬೇಕು ಹೇಳಿ. ರಾಮಾನನ್ನು ನೆನೆದರೆ ಸಿಟ್ಟು ಬರುತ್ತದೆ, ಹಿಂದೆಯೇ ಕರುಳು ಚುರ್ ಅನ್ನುತ್ತದೆ.

ಅವನ ಹೆಂಡತಿ ಹೀರಾ. ಎರಡು ಸಲ ಬಸುರಿಯಾದಳು, ಎರಡು ಸಲವೂ ಕೂಸು ಕೈಗೆ ಹತ್ತಲಿಲ್ಲ. ಆಮೇಲೆ ದೇವರೂ ಕೊಡಲಿಲ್ಲ, ಇವಳೂ ಕೇಳಲಿಲ್ಲ. ಬಾಳೆಗುಳಿ ಕ್ರಾಸಿನಲ್ಲಿ ಮಧುಕರ ನಾಯಕರು ಹೈವೇಗೆ ಮುಖ ಮಾಡಿ ಹೋಟೆಲು ತೆರೆದಾಗ ಅಲ್ಲಿ ಕಸ ಗುಡಿಸಲು ಸೇರಿಕೊಂಡಳು. ಅಂಗಳದಲ್ಲಿ ನಲವತ್ತು ಕುಂಡ ಇದ್ದವು. ಕ್ರೋಟನ್ನು, ದಾಸವಾಳ, ಅಬ್ಬಲಿಗೆ, ಕಾಗದದ ಹೂವಿನ ಬಳ್ಳಿ. ಅವಕ್ಕೆ ನೀರು ಹಾಕುವುದನ್ನೂ ತನಗೇ ಕೊಡಿ ಅಂತ ಬಾಯಿಬಿಟ್ಟು ಕೇಳಿ ಪಡೆದಳು. ಹಾರವಾಡದ ಅವರ ಮನೆಯ ಮುಂದೆ ಬರೀ ಹೊಯಿಗೆ, ಹೂವಿನ ಗಿಡ ನೆಟ್ಟರೆ ಉಪ್ಪು ಗಾಳಿಗೆ ವಾರದಲ್ಲಿ ಸುಟ್ಟುಹೋಗುತ್ತಿತ್ತು. ಹಾಗಾಗಿ ಬೆಳಗಿನ ಬಸ್ಸು ಹತ್ತಿ ಹೋದವಳು ಸಂಜೆ ಮನೆಗೆ ತರುತ್ತಿದ್ದುದು ಆ ಕುಂಡಗಳ ಸುದ್ದಿಯನ್ನೇ. ಬಿಳಿ ದಾಸವಾಳ ಮೊಗ್ಗು ಬಿಟ್ಟಿದೆ, ಲಾರಿಯವನೊಬ್ಬ ಅಬ್ಬಲಿಗೆಯ ಬುಡಕ್ಕೆ ಎಲೆಯಡಿಕೆ ಉಗಿದ, ಚೆನ್ನಾಗಿ ಬೈದೆ. ಬಲೆ ಹೆಣೆಯುತ್ತಾ ರಾಮಾ ಹೂಂ ಅನ್ನುತ್ತಿದ್ದ. ಅವನಿಗೆ ಕ್ರೋಟನ್ನೂ ಒಂದೇ, ಕೆಸುವೂ ಒಂದೇ. ಆದರೂ ಆ ಹೊತ್ತು ಅವನಿಗೆ ಬೇಕಾಗಿತ್ತು.

ಇನ್ನು ನಾಯಕರ ಕಷ್ಟ ನಾಯಕರಿಗೆ. ಏಪ್ರಿಲ್ ಬಂತೆಂದರೆ ಹೋಟೆಲಿನ ಬಾವಿ ತಳ ಕಾಣುತ್ತಿತ್ತು, ಲಾರಿಯ ಧೂಳು ಎಲೆಯ ಮೇಲೆ ಬೆರಳು ದಪ್ಪ ಕೂರುತ್ತಿತ್ತು. ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದು ಬಂದ ಕಾರಿನವರು ಒಣಗಿದ ಗಿಡ ನೋಡಿ ಮುಂದಿನ ಹೋಟೆಲಿಗೆ ಹೋದರೆ ಯಾರಿಗೆ ಬೇಡ ಹೊಟ್ಟೆಯುರಿ? ಒಮ್ಮೆ ಪ್ಲಾಸ್ಟಿಕ್ ಗಿಡ ತಂದು ಇಟ್ಟೂ ನೋಡಿದರು. ಒಂದು ಬೇಸಿಗೆ, ಒಂದು ಮಳೆ ಕಳೆಯುವಷ್ಟರಲ್ಲಿ ಎಲೆ ಬಿಳಿಚಿ, ದಂಟಿನ ಒಳಗಿನ ತಂತಿಯ ತುಕ್ಕು ಇಳಿದು ಕುಂಡವೆಲ್ಲ ಕೆಂಪಾಯಿತು. ಹೀಗಿರುವಾಗ ಹೀರಾ ಯಾವುದೋ ಮಾತಿಗೆ, ತನ್ನ ಗಂಡ ನೈಲಾನು ಮುಟ್ಟಿಯೇ ಅದರ ಆಯುಷ್ಯ ಹೇಳುತ್ತಾನೆ ಅಂತ ಜಂಬದಿಂದ ಹೇಳಿಬಿಟ್ಟಳು. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡಂತಾಯಿತು, ಪಾಪ. ಎರಡು ಸಾವಿರದ ಮೂರನೇ ಇಸವಿಯ ಸುಗ್ಗಿ ಹಬ್ಬ ಮುಗಿದ ವಾರ ನಾಯಕರು ಮಡಗಾಂವಿನಿಂದ ಮೂರು ತರದ ಪ್ಲಾಸ್ಟಿಕ್ ಗಿಡದ ಮಾದರಿ ತರಿಸಿ, ಗಂಡನಿಗೆ ತೋರಿಸು ಅಂತ ಅವಳ ಚೀಲಕ್ಕೇ ಹಾಕಿದರು. ಇವುಗಳಲ್ಲಿ ಒಂದಾದರೂ ಬಾಳುವುದಾದರೆ ಮಣ್ಣಿನ ಗಿಡ ಅಷ್ಟೂ ತೆಗೆಸುವುದು, ಯಾವುದೂ ಬಾಳದಿದ್ದರೆ ಪ್ಲಾಸ್ಟಿಕ್ಕಿನ ಗೊಡವೆಯೇ ಬೇಡ, ಮೊದಲಿನ ಹಾಗೆ ನೀನೇ ನೀರು ಹಾಕಿಕೊಂಡಿರು ಅಂತಲೂ ಹೇಳಿದರು.

ರಾಮಾ ಹೊಸ ನೂಲು ಬಂದಾಗ ಮಾಡುವುದನ್ನೇ ಮಾಡಿದ. ಮೂರನ್ನೂ ಮೀನು ಒಣಗಿಸುವ ಗಳಕ್ಕೆ ಕಟ್ಟಿದ, ದಿನಾ ಸಮುದ್ರದ ನೀರಲ್ಲಿ ಅದ್ದಿ ಬಿಸಿಲಿಗೆ ಬಿಟ್ಟ. ಹೀಗೆ ಎರಡು ತಿಂಗಳು. ಮೊದಲನೆಯದು ಬಟ್ಟೆಯ ಎಲೆ, ಹದಿನೈದೇ ದಿನದಲ್ಲಿ ಅಂಚು ಪಿಸಿಯಿತು. ಎರಡನೆಯದರ ಹಸಿರು ಬರೀ ಮೇಲೆ ಬಳಿದದ್ದು, ಬೆರಳಲ್ಲಿ ಉಜ್ಜಿದರೆ ಬಂತು, ಮಡಚಿದರೆ ಲಟಕ್ಕೆಂದು ಮುರಿಯಿತು. ಮೂರನೆಯದನ್ನು ಬ್ಲೇಡಿನಿಂದ ಕೊಯ್ದು ನೋಡಿದ, ಒಳಗೂ ಅದೇ ಹಸಿರು. ಹಲ್ಲಿನಿಂದ ಕಚ್ಚಿ ಎಳೆದ, ಬಗ್ಗಿ ಮತ್ತೆ ನೆಟ್ಟಗಾಯಿತು. ದಂಟಿನಲ್ಲಿ ಕಬ್ಬಿಣವೇ ಇರಲಿಲ್ಲ. ಒಳ್ಳೆಯ ಮಾಲು ಕಂಡ ಖುಷಿಗೆ ಅವನ ಮುಖ ಅರಳಿತು. ಹೀರಾ ಬಾಗಿಲಲ್ಲಿ ನಿಂತು ಆ ಮುಖವನ್ನೇ ನೋಡುತ್ತಿದ್ದಳು.

ಆ ಮಧ್ಯಾಹ್ನ ಅನ್ನ ಬಡಿಸಿ ಎದುರಿಗೆ ಕೂತು ಹೇಳಿದಳು, "ಒಂದ್ ಮಾತ್ ಕೇಳ್ತೆ. ಮೂರೂ ಬಾಳೂದಿಲ್ಲ ಅಂತ ಒಡೇರ್ ಹತ್ರ ಹೇಳಿ."

"ಮೂರನೇದು ಬಾಳ್ತದಲ್ಲೆ, ಹೀರಾ."

"ಅದು ನಂಗೂ ಕಂಡದೆ. ಹೇಳ್ಬೇಡಿ ಅಂತೇ ಕೇಳ್ತಾ ಇದ್ದೆ. ಹದಿನೆಂಟು ವರ್ಷದಲ್ಲಿ ನಿಮ್ ಹತ್ರ ಮತ್ತೆಂತಾ ಕೇಳಿದ್ದೆ ನಾನು?"

ರಾಮಾ ತಲೆ ತಗ್ಗಿಸಿ ಉಂಡ. ಆಗಲಿ ಅನ್ನಲಿಲ್ಲ, ಆಗದು ಅಂತಲೂ ಅನ್ನಲಿಲ್ಲ. ಹೀರಾ ಅದನ್ನು ಒಪ್ಪಿಗೆ ಅಂತಲೇ ತಿಳಿದಳು.

ಮರುದಿನ ಇಬ್ಬರೂ ಜೊತೆಯಾಗಿ ಬಸ್ಸು ಹತ್ತಿದರು. ಇಷ್ಟು ದಿನ ಕಿವಿಯಲ್ಲಿ ಮಾತ್ರ ಕೇಳಿದ್ದ ಕುಂಡಗಳನ್ನು ರಾಮಾ ಕಣ್ಣಾರೆ ನೋಡಿದ. ಮದುಮಗಳಿಗೆ ನೆಂಟರನ್ನು ತೋರಿಸಿದ ಹಾಗೆ ಹೀರಾ ಒಂದೊಂದನ್ನೇ ತೋರಿಸಿದಳು, ಅಷ್ಟು ನಗು ಅವಳ ಮುಖದಲ್ಲಿ ಅವನು ಕಂಡೇ ಇರಲಿಲ್ಲ. ಹೇಳಬಾರದು, ಹೇಳುವುದಿಲ್ಲ ಅಂತ ಆಗಲೇ ಅವನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡನಂತೆ. ಅಷ್ಟರಲ್ಲಿ ನಾಯಕರು ಬಂದು, ಇವರು ತಂದಿದ್ದ ಮೂರೂ ಮಾದರಿಗಳನ್ನು ಮೇಜಿನ ಮೇಲೆ ಇಟ್ಟು, ಎಂತ ಹೇಳ್ತೆ ರಾಮಾ ಅಂತ ಕೇಳಿದರು. ರಾಮಾ ಮೂರನೆಯದನ್ನು ಕೈಗೆತ್ತಿಕೊಂಡ. ಕೈಗೆ ಬಂದದ್ದೇ ತಡ, ಮೂವತ್ತು ವರ್ಷದ ಅಭ್ಯಾಸ ಅವನ ನಾಲಿಗೆಯ ಮೇಲೆ ಬಂದು ಕೂತಿತು. "ಇದು ಬಾಳ್ತದೆ," ಅಂದ.

ಅಯ್ಯೋ ಪುಣ್ಯಾತ್ಮ, ಅದೇನು ಬಲೆಯೇ? ಯಾವ ದೋಣಿ ಮುಳುಗುತ್ತಿತ್ತು, ಯಾರ ಕುಂಕುಮ ಅಳಿಸುತ್ತಿತ್ತು? ಹೋಟೆಲಿನ ಮುಂದಿನ ಸಿಂಗಾರದ ಎಲೆಗೆ ಸಮುದ್ರದ ಆಣೆ ಯಾಕೆ ಬೇಕಾಗಿತ್ತು? ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ಮನೆ ಹೇಳಿದ್ದಾರೆಯೇ. ಹೀರಾ ಗಂಡನ ಕಡೆ ತಿರುಗಿಯೂ ನೋಡದೆ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದಳು. ಅಷ್ಟೂ ಕುಂಡಗಳಿಗೆ ಅವತ್ತೂ ನೀರು ಹಾಕಿಯೇ ಮನೆಗೆ ಬಂದಳು.

ಮಳೆಗೆ ಮೊದಲೇ ಗಿಡಗಳು ಹೋದವು. ದಾರಿಯಲ್ಲಿ ಹೋಗುವವರು ಬೇಕಾದ್ದನ್ನು ಎತ್ತಿಕೊಂಡು ಹೋದರು. ನಾಯಕರು ಕೆಟ್ಟವರಲ್ಲ, ಪ್ಲಾಸ್ಟಿಕ್ ಎಲೆಯ ಧೂಳು ಒರೆಸಿಕೊಂಡು ಇರು ಅಂದರು. ಹೀರಾ ಎಂಟು ದಿನ ಹೋದಳು, ಒಂಬತ್ತನೆಯ ದಿನ ಹೋಗಲಿಲ್ಲ. ಯಾಕೆ ಅಂತ ರಾಮಾ ಕೇಳಿದ್ದಕ್ಕೆ "ಅವು ನೀರ್ ಕುಡಿಯೂದಿಲ್ಲ" ಅಂದಳು. ಜಗಳ ಮಾಡಲಿಲ್ಲ, ಅಡುಗೆ ಕೆಡಿಸಲಿಲ್ಲ, ಹೊತ್ತಿಗೆ ಸರಿಯಾಗಿ ಬಡಿಸಿದಳು. ಸಂಜೆಯ ಸುದ್ದಿ ಮಾತ್ರ ನಿಂತುಹೋಯಿತು. ಬೈದಿದ್ದರೆ ರಾಮಾ ಬದುಕಿಕೊಳ್ಳುತ್ತಿದ್ದ. ಬಲೆ ಹೆಣೆಯುತ್ತಾ ಒಂದೆರಡು ಸಲ ತಾನಾಗಿಯೇ ಹೂಂ ಅಂದು, ಯಾರೂ ಏನೂ ಹೇಳಲಿಲ್ಲ ಎಂದು ತಿಳಿದು ನಾಚಿಕೊಂಡ.

ಮರುವರ್ಷದ ಮಳೆಗಾಲದಲ್ಲಿ ಹೀರಾಗೆ ಕಾಮಾಲೆಯಾಯಿತು. ಊರಿನ ಮದ್ದು ಆಯಿತು, ಕಾರವಾರದ ಆಸ್ಪತ್ರೆಯೂ ಆಯಿತು, ಹನ್ನೊಂದನೆಯ ದಿನ ತೀರಿಕೊಂಡಳು. ಗಿಡ ಹೋದದ್ದಕ್ಕೆ ಸತ್ತಳು ಅಂದರೆ ಸುಳ್ಳಾದೀತು, ಕಾಮಾಲೆಗೆ ಸತ್ತಳು. ಆದರೆ ಹಿಂದಿನ ದಿನ ಕಣ್ಣು ಬಿಟ್ಟು ಅವಳು ಕೇಳಿದ್ದು ಒಂದೇ. "ಆ ಬಿಳೀ ದಾಸವಾಳ ಯಾರ್ ತಕಂಡ್ ಹೋದ್ರು, ಗುತ್ತಿದ್ಯಾ ನಿಮ್ಗೆ?" ರಾಮಾನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದ, ಅಲ್ಲಿಯೂ ಒಂದು ಸುಳ್ಳು ಅವನಿಗೆ ಹುಟ್ಟಲಿಲ್ಲ.

ಎರಡು ಸಾವಿರದ ಆರರಲ್ಲಿ ನಾಯಕರು ಕಾರವಾರದಲ್ಲಿ ಸಮುದ್ರಕ್ಕೆ ಎದುರಾಗಿ ಇನ್ನೊಂದು ಹೋಟೆಲು ಮಾಡಿದರು. ರಾಮಾನನ್ನು ಕಾರು ಕಳಿಸಿ ಕರೆಸಿಕೊಂಡರು. ಬಾಳೆಗುಳಿಯ ಗಿಡಗಳು ಮೂರು ಮಳೆ ಕಂಡರೂ ಒಂದಿಷ್ಟೂ ಮಾಸಿಲ್ಲ, ಇಲ್ಲಿಗೂ ಅದರದ್ದೇ ಮಾದರಿ ತರಿಸಿದ್ದೇನೆ, ಒಮ್ಮೆ ಮುಟ್ಟಿ ಹೇಳಿಬಿಡು ಅಂದರು. ಅಂಗಳದಲ್ಲಿ ಕಂಪೌಂಡಿನ ಮರೆಗೆ ಸಾಲಾಗಿ ಮಣ್ಣಿನ ಕುಂಡಗಳಿದ್ದವು, ಯಾರೋ ಹೆಂಗಸು ತಂಬಿಗೆಯಲ್ಲಿ ನೀರು ಹಾಕುತ್ತಿದ್ದಳು. ನಾಯಕರ ಮಾತು ಕೇಳಿ ಅವಳ ಕೈ ನಿಂತಿತು. ರಾಮಾ ಎಲೆಯನ್ನು ಮಡಚಿದ, ಕಚ್ಚಿ ಎಳೆದ. ಅದೇ ಮಾಲು, ಬಂಗಾರದಂಥ ಮಾಲು. ಹೆಂಗಸು ಅವನ ಬಾಯನ್ನೇ ನೋಡುತ್ತಾ ನಿಂತಿದ್ದಳು.

"ಇಲ್ಲಿ ಬಾಳೂದಿಲ್ಲ, ಒಡೇರೆ," ಅಂದ ರಾಮಾ. "ಸಂಜೆ ಬಿಸ್ಲು ಎದುರಿಗೇ ಹೊಡೀತದೆ. ಗಿಡನೇ ಇರ್ಲಿ."

ನೀನು ಹೇಳಿದ ಮೇಲೆ ಮುಗಿಯಿತು ಅಂತ ನಾಯಕರು ಆ ಮಾದರಿಯನ್ನು ಮೂಲೆಗೆ ಎಸೆದು ಒಳಗೆ ಹೋದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಒಂದು ಉಸಿರಿನ ಕೆಲಸವಾಗಿತ್ತು ಅದು. ರಾಮಾ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಗಸು ತಂಬಿಗೆ ತೊಳೆದು ಕುಡಿಯಲು ನೀರು ತಂದು ಹಿಡಿದಳು.

"ಇಷ್ಟೇ ಆಗಿತ್ತು, ಹೀರಾ," ಅಂದ ರಾಮಾ. "ಇಷ್ಟ್ ಹೇಳಿರೆ ಸಾಕಾಗಿತ್ತು."

ಅವಳು ತನಗೇ ಹೇಳಿದ ಅಂತ ತಿಳಿದಳು. "ನಾನು ಹೀರಾ ಅಲ್ಲ ಮಾಮಾ," ಅಂದಳು, "ಸುಗಂಧಾ."