ಕೆರೆಯಲ್ಲಿ ಭರತಿ ಕಾದ ಶೇವಂತಕ್ಕ

ಶೇವಂತಕ್ಕ ಯಾವ ನೀರಿನ ಬಳಿ ಹೋದರೂ ಮೊದಲು ಮಾಡುತ್ತಿದ್ದ ಕೆಲಸ, ಅಂಚಿನಲ್ಲಿ ಒಂದು ಕಡ್ಡಿ ಚುಚ್ಚುವುದು. ನೀರು ಕಡ್ಡಿ ದಾಟಿ ಮೇಲೆ ಬಂದರೆ ಭರತಿ, ಬಿಟ್ಟು ಕೆಳಗೆ ಸರಿದರೆ ಇಳಿತ. ಅದು ಗೊತ್ತಾಗುವ ತನಕ ಅವರು ಚಪ್ಪಲಿ ಬಿಡುತ್ತಿರಲಿಲ್ಲ, ತಿಂಡಿಯ ಡಬ್ಬಿ ಬಿಚ್ಚಲು ನಮ್ಮನ್ನೂ ಬಿಡುತ್ತಿರಲಿಲ್ಲ. ಮಾಜಾಳಿಯ ಕಡಲಿಗೆ ಹೋದಾಗಲೂ ಹಾಗೆ, ಗೋಕರ್ಣಕ್ಕೆ ಹೋದಾಗಲೂ ಹಾಗೆ. ದೇವರ ದರ್ಶನ ಆಮೇಲೆ, ಕಡ್ಡಿ ಮೊದಲು.

ನಾನು ಅಂಕೋಲೆಯ ಬೊಬ್ರುವಾಡದಲ್ಲಿ ಬಾಡಿಗೆ ಮನೆ ಹಿಡಿದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದ ಕಾಲ ಅದು. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಶೇವಂತಕ್ಕ ನಮ್ಮ ಕೇರಿಯ ಕೊನೆಯ ಮನೆಯವರು. ಗಂಡ ಗಣಪಣ್ಣ ಕಡಲಿಗೆ ಹೋಗಿ ತಂದ ಮೀನನ್ನು ಇವರು ಪೇಟೆಯಲ್ಲಿ ಮಾರುತ್ತಿದ್ದರು. ಕೊಂಕಣ ರೈಲು ಬಂದ ಮೇಲಂತೂ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಾಲ್ಕು ದುಡ್ಡು ಕೂಡಿತೆಂದರೆ ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೊರಟೇಬಿಟ್ಟರು. ಗಂಟು ಕಟ್ಟುವವರು, ಸೀಟು ಹಿಡಿಯುವವರು, ಜಗಳ ಆಡುವವರು ಎಲ್ಲ ಅವರೇ. ಕಾಲು ಚಾಚಿ ಮಲಗಿ ಜಾಗ ಬಿಡದ ಗಂಡಸರ ತಲೆಯ ಹತ್ತಿರ ಒಣಮೀನಿನ ಚೀಲ ಇಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಮುಂದಿನ ಸ್ಟೇಷನ್ನು ಬರುವುದರೊಳಗೆ ಜಾಗ ಖಾಲಿಯಾಗುತ್ತಿತ್ತು.

ಇಷ್ಟು ಊರಿನ ನೀರು ಕಂಡ ಶೇವಂತಕ್ಕ ಒಂದು ಸಲವೂ ದೋಣಿ ಹತ್ತಿರಲಿಲ್ಲ. ಅವರ ಅತ್ತೆಯ ಕಾಲದಿಂದ ಬಂದ ಕಟ್ಟು: ಕಡಲಿಗೆ ಹೋಗುವವನ ಹೆಂಡತಿ ದೋಣಿಯೊಳಗೆ ಕಾಲಿಟ್ಟರೆ ಬಲೆ ಖಾಲಿ ಬರುತ್ತದೆ. ಬೇರೆ ಮನೆಗಳವರು ಇದನ್ನು ಎಂದೋ ಮರೆತಿದ್ದರು, ಇವರ ಮನೆಯಲ್ಲಿ ಮಾತ್ರ ಗಟ್ಟಿಯಾಗಿ ಉಳಿದುಕೊಂಡಿತ್ತು. ಆಸೆ ಬೆಟ್ಟದಷ್ಟಿತ್ತು. ವಯನಾಡಿನಲ್ಲೊಂದು ಕೆರೆ ಇದೆಯಂತೆ, ದೋಣಿಯಲ್ಲಿ ಕೂರಿಸಿ ಸುತ್ತಿಸುತ್ತಾರಂತೆ ಎಂದು ನಾನು ಹೇಳಿದ್ದೇ ತಡ, ಅವರ ಕಣ್ಣು ಅರಳಿತು.

“ಅಕ್ಕೋರೆ, ಕೆರೆ ಅಂದ್ರೆ ಕಡಲಲ್ಲ. ಕೆರೆ ದೋಣಿ ವಿಷಯ ನಮ್ಮತ್ತೆ ಏನೂ ಹೇಳ್ಲಿಲ್ಲ,” ಎಂದರು.

ಮಂಗಳೂರಿನಲ್ಲಿ ರೈಲು ಬದಲಿಸಿ, ಬಸ್ಸಿನಲ್ಲಿ ಘಾಟಿ ಹತ್ತಿ ಹೋದೆವು. ಸುತ್ತ ಗುಡ್ಡ, ನಡುವೆ ತಣ್ಣಗಿನ ಕೆರೆ, ಅಂಚಿನ ತುಂಬ ನೈದಿಲೆ. ನಾವು ಟಿಕೆಟ್ಟು ತೆಗೆದು ಬರುವಷ್ಟರಲ್ಲಿ ಶೇವಂತಕ್ಕ ಕಡ್ಡಿ ಚುಚ್ಚಿ ಕೂತಿದ್ದರು. ಭರತಿ ಬಾರದೆ ದೋಣಿ ಬಿಡಬಾರದಂತೆ. ಕೆರೆಗೆ ಭರತಿ ಇಲ್ಲವೆಂದರೆ ನಂಬಲು ತಯಾರಿಲ್ಲ. ನೀರೆಂದ ಮೇಲೆ ಏರುತ್ತದೆ, ಇಳಿಯುತ್ತದೆ, ಸ್ವಲ್ಪ ತಡೆಯಿರಿ ಎಂದು ನಮಗೇ ಗದರಿದರು. ಹುಟ್ಟು ಹಾಕುವ ಮಲಯಾಳಿ ಮುದುಕ ಬಂದು ಕಡ್ಡಿ ನೋಡಿದ, ಇವರನ್ನು ನೋಡಿದ, ತಲೆ ಕೆರೆದುಕೊಂಡು ಹೋದ. ಬಿಸಿಲು ಗುಡ್ಡದ ಆಚೆಗೆ ಇಳಿಯಿತು. ಕೊನೆಯ ದೋಣಿ ಎಂದು ಸೀಟಿ ಊದಿದರು.

ಆಗ ನನಗೆ ತಿಳಿಯಿತು, ತಡೆದಿದ್ದು ಭರತಿಯೊಂದೇ ಅಲ್ಲ. ಅತ್ತ ಗಂಡ ಕಡಲಲ್ಲಿ ಬಲೆ ಬೀಸಿರುವ ಹೊತ್ತು, ಇತ್ತ ಇವರಿಗೆ ಒಳಗೊಳಗೇ ಹೆದರಿಕೆ. ನಾನು ಕೈ ಚಾಚಿದೆ. ಅವರು ಕಡ್ಡಿ ಕಿತ್ತು ಬಿಸಾಕಿ, ಇದೆಂಥ ಸೋಂಬೇರಿ ನೀರು ಎಂದು ಕೆರೆಯನ್ನು ಬೈದು, ಸೀರೆ ಎತ್ತಿ ಸಿಕ್ಕಿಸಿ ದೋಣಿ ಹತ್ತಿದರು.

ನಾವೆಲ್ಲ ಗುಡ್ಡ ನೋಡುತ್ತ, ನೈದಿಲೆ ಕೀಳಬೇಡಿ ಎಂದು ಮುದುಕನಿಂದ ಬೈಸಿಕೊಳ್ಳುತ್ತ ಕುಳಿತಿದ್ದರೆ ಶೇವಂತಕ್ಕ ಹಿಂದಕ್ಕೆ ತಿರುಗಿ, ಬಿಟ್ಟುಬಂದ ದಡವನ್ನೇ ನೋಡುತ್ತಿದ್ದರು.

“ದಡ ಇಷ್ಟ್ ಚಂದ ಕಾಣ್ತದಲ್ಲ ಅಕ್ಕೋರೆ,” ಎಂದರು ಕೊನೆಗೆ. “ನಮ್ಮವ್ರು ದಿನಾ ನೋಡ್ತ್ರು. ಒಂದ್ ದಿನ ಆದ್ರೂ ನಂಗೆ ಹೇಳ್ಬೇಕಾ ಬೇಡ್ವಾ?”

ಅಂಕೋಲೆಯಲ್ಲಿ ರೈಲು ಇಳಿದವರೇ ಶೇವಂತಕ್ಕ ಓಡುನಡಿಗೆಯಲ್ಲಿ ಮನೆಗೆ ಹೋದರು. ಅಂಗಳದ ತುಂಬ ಬಂಗಡೆಯ ಬುಟ್ಟಿಗಳು. ನಾವು ಕೆರೆಯಲ್ಲಿದ್ದ ದಿನವೇ ಗಣಪಣ್ಣನ ಬಲೆ ಎಳೆಯಲಾಗದಷ್ಟು ತುಂಬಿತ್ತಂತೆ. ತಾನು ದೋಣಿ ಹತ್ತಿದ ಪುಣ್ಯವೇ ಅದು ಎಂದು ಶೇವಂತಕ್ಕ ಕೇರಿಯಿಡೀ ಸಾರಿದರು. ದಡದ ವಿಷಯಕ್ಕೆ ಗಂಡನ ಜೊತೆ ಜಗಳವನ್ನೂ ಆಡಿದರು. ಗಣಪಣ್ಣ ಮಾತು ಕಡಿಮೆಯ ಮನುಷ್ಯ, ಕೇಳಿಕೊಂಡು ಬೀಡಿ ಹಚ್ಚಿದರು.

ಮರುವರ್ಷ ನನಗೆ ಕಾರವಾರದ ಹತ್ತಿರದ ಅಮದಳ್ಳಿಗೆ ವರ್ಗವಾಯಿತು. ಹೇಳಿ ಹೋಗೋಣವೆಂದು ಹೋದರೆ ಶೇವಂತಕ್ಕನ ಬಾಗಿಲು ಹಾಕಿತ್ತು. ಪಕ್ಕದ ಮನೆಯವರು ನಗುತ್ತ ಕಡಲ ಕಡೆ ಕೈ ತೋರಿಸಿದರು. ದಡಕ್ಕೆ ಹೋಗಿ ನೋಡಿದೆ, ತೆರೆಗಳ ಆಚೆ ಗಣಪಣ್ಣನ ದೋಣಿ. ಅವರು ಹುಟ್ಟು ಹಾಕುತ್ತಿದ್ದರೆ, ಇವರು ಊರ ಕಡೆ ಮುಖ ಮಾಡಿ ಮಹಾರಾಣಿಯ ಹಾಗೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಗಣಪಣ್ಣ ಸೆರಗು ಹಿಡಿದು ಕೂರಿಸಿದರು. ಬಸ್ಸಿಗೆ ಹೊತ್ತಾಯಿತೆಂದು ನಾನು ಕೈಸನ್ನೆ ಮಾಡಿದೆ.

ಅದೇ ಅವರನ್ನು ಕೊನೆಯದಾಗಿ ಕಂಡದ್ದು. ಮುಂದಿನ ಮಳೆಗಾಲ ಜ್ವರದಲ್ಲಿ ಹೋಗಿಬಿಟ್ಟರೆಂದು ಸುದ್ದಿ ಬಂತು. ನಾನು ಅತ್ತದ್ದು ನಿಜ. ಆದರೂ ಅವರನ್ನು ನೆನೆದರೆ ಮೊದಲು ಬರುವುದು ನಗುವೇ, ಮತ್ತು ಆ ದಿನ ನೀರಿನ ಮೇಲಿಂದ ತೇಲಿಬಂದ ಜೋರು ದನಿ:

“ಅಲ್ಲೇ ನಿಲ್ರಿ ಅಕ್ಕೋರೆ. ಇಲ್ಲಿಂದ ನೀವೂ ಚಂದ ಕಾಣ್ತ್ರಿ.”

ಬಸ್ಸು ತಪ್ಪಿತು. ನಾನು ನಿಂತೇ ಇದ್ದೆ.